ಸ್ಟೋರೇಜಿಗೆ ಎರಡನೇ ದಾರಿ, ಬಿಲ್ಲಿನಲ್ಲಿ ಹೊಸ ಸಾಲು

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಿಮ್ಮ ಬಿಲ್ಲಿನಲ್ಲಿ 'ಎರಡನೇ ಸ್ಟೋರೇಜ್ ದಾರಿ' ಎಂಬ ಸಾಲೊಂದು ಸೇರಲಿದೆ. ಸರ್ವರಿನಿಂದ ನಿಮ್ಮ ಡೇಟಾ ಇರುವ ಸ್ಟೋರೇಜ್ ಪೆಟ್ಟಿಗೆಗೆ ಒಂದು ದಾರಿ ಕೆಟ್ಟರೂ ಕೆಲಸ ನಿಲ್ಲದಿರಲಿ ಎಂದು ಹಾಕುವ ಇನ್ನೊಂದು ದಾರಿ ಇದು. ಒಂದು ಕೇಬಲ್ಲಿಗೆ ಇಷ್ಟು ದುಡ್ಡೇ ಅಂತ ಆಗಲೇ ಫೋನ್ ಬಂದಿವೆ. ಕೇಬಲ್ ಇಲ್ಲಿ ಲೆಕ್ಕಕ್ಕೇ ಇಲ್ಲ. ಸರ್ವರಿಗೊಂದು ಹೊಸ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್, ಫೈಬರಿನ ಎರಡೂ ತುದಿಗೆ ಒಂದೊಂದು ಮಾಡ್ಯೂಲ್, ಬೇರೆ ಯುಪಿಎಸ್ ಮೇಲೆ ಓಡುವ ಎರಡನೇ ಸ್ವಿಚ್: ಖರ್ಚು ಇವುಗಳದ್ದು. ಇದ್ದ ಕಾರ್ಡಿನಲ್ಲೇ ಖಾಲಿ ಪೋರ್ಟ್ ಇತ್ತಲ್ಲ ಎಂದರೆ, ಇತ್ತು. ಆದರೆ ಆ ಕಾರ್ಡ್ ಕೆಟ್ಟ ದಿನ ಎರಡು ದಾರಿಯೂ ಒಟ್ಟಿಗೇ ಮುಚ್ಚುತ್ತವೆ. ಹತ್ತಿರದ ರ‍್ಯಾಕುಗಳಿಗೆ ಮಾಡ್ಯೂಲ್ ಬೇಡದ ತಾಮ್ರದ ಡ್ಯಾಕ್ ಕೇಬಲ್ ಹಾಕಿ ಆದಷ್ಟು ಉಳಿಸಿದ್ದೇವೆ.

ಹೆಚ್ಚು ಕೇಳಿಬಂದ ದೂರು ಒಂದೇ: "ದಾರಿ ಎರಡಾದರೂ ವೇಗ ಯಾಕೆ ಎರಡರಷ್ಟಾಗುವುದಿಲ್ಲ?" ಸರ್ವರಿನಲ್ಲಿ ಎರಡು ಕಾರ್ಡ್, ಸ್ಟೋರೇಜ್ ಪೆಟ್ಟಿಗೆಯನ್ನು ನಡೆಸುವ ಕಂಟ್ರೋಲರ್ ಎರಡು; ಒಂದೊಂದು ಕಾರ್ಡಿನಿಂದ ಎರಡಕ್ಕೂ ಹೋಗಬಹುದಾದ್ದರಿಂದ ಒಟ್ಟು ನಾಲ್ಕು ದಾರಿ. ಈ ದಾರಿಗಳನ್ನೆಲ್ಲ ಒಂದೇ ಡಿಸ್ಕಾಗಿ ಕಟ್ಟುವ ಮಲ್ಟಿಪಾತ್ ಸಾಫ್ಟ್‌ವೇರಿನ ಪಟ್ಟಿ ತೆಗೆದರೆ ಒಂದೇ ಡಿಸ್ಕ್ ದಾರಿಗೊಂದರಂತೆ ಎಸ್‌ಡಿಬಿಯಿಂದ (sdb) ಎಸ್‌ಡಿಇವರೆಗೆ (sde) ನಾಲ್ಕು ಹೆಸರಲ್ಲಿ ಕಾಣುತ್ತದೆ: ಎರಡಕ್ಕೆ ಆದ್ಯತೆ 50, ಎರಡಕ್ಕೆ 10. ನಿಮ್ಮ ಡಿಸ್ಕನ್ನು ಸದ್ಯ ನೋಡಿಕೊಳ್ಳುತ್ತಿರುವ ಕಂಟ್ರೋಲರಿನ ದಾರಿಗಳಿಗೆ 50. ಕೆಲಸವೆಲ್ಲ ಅವುಗಳ ಮೇಲೇ. 10ರವು ಕಾದು ಕೂತಿರುತ್ತವೆ. ನಾಲ್ಕನ್ನೂ ಒಟ್ಟಿಗೆ ಓಡಿಸಿ ಎಂದವರಿದ್ದಾರೆ. ಹಾಗೆ ಮಾಡಿದರೆ ಅರ್ಧ ಕೆಲಸ ಪಕ್ಕದ ಕಂಟ್ರೋಲರಿಗೆ ಹೋಗಿ ಸುತ್ತಿ ಬರುತ್ತದೆ, ಇದ್ದ ವೇಗವೂ ಇಳಿಯುತ್ತದೆ. ಒಂದೇ ಹೊತ್ತಿಗೆ ಹತ್ತಾರು ಬ್ಯಾಕಪ್ ನಡೆಸುವವರಿಗೆ 50ರ ಎರಡು ದಾರಿಯಿಂದ ಲಾಭ ಕಂಡೀತು. ಒಂದೊಂದೇ ಸಾಲು ಬರೆದು ಉತ್ತರಕ್ಕೆ ಕಾಯುವ ಬಿಲ್ಲಿಂಗ್ ಸಾಫ್ಟ್‌ವೇರಿಗೆ ದಾರಿ ಎಂಟಾದರೂ ಅಷ್ಟೇ. ಇದು ಓಟಕ್ಕೆ ಮಾಡಿದ್ದಲ್ಲ, ನಿಲ್ಲದಿರಲಿ ಎಂದು ಮಾಡಿದ್ದು.

ಸ್ವಂತ ಸರ್ವರ್ ಇಟ್ಟಿರುವವರಿಗೆ ಒಂದು ಮಾತು. ನೆಟ್‌ವರ್ಕ್ ಮೂಲಕ ಡಿಸ್ಕ್ ತಲುಪಿಸುವ ಐಸ್ಕಜಿಯ (iSCSI) ರಿಪ್ಲೇಸ್‌ಮೆಂಟ್ ಟೈಮ್‌ಔಟ್, ಅಂದರೆ ಸತ್ತ ದಾರಿ ಮರಳೀತೆಂದು ಕಾಯುವ ಹೊತ್ತು, ಮೂಲದಲ್ಲಿ 120 ಸೆಕೆಂಡ್ ಇರುತ್ತದೆ. ಹಾಗೇ ಬಿಟ್ಟರೆ ದಾರಿ ಸತ್ತರೂ ಎರಡು ನಿಮಿಷ ಡೇಟಾಬೇಸ್ ಬಾಯಿ ಬಿಟ್ಟುಕೊಂಡು ಕೂರುತ್ತದೆ. 5 ಮಾಡಿ. ಕಾನ್ಫಿಗ್ ಫೈಲ್ ತಿದ್ದಿದರೆ ಸಾಲದು, ಮೊದಲೇ ಸೇರಿಸಿಟ್ಟ ಟಾರ್ಗೆಟ್‌ಗಳ (ಸ್ಟೋರೇಜ್ ಕಡೆಯ ವಿಳಾಸಗಳ) ದಾಖಲೆಯಲ್ಲಿ ಹಳೆಯ ಸಂಖ್ಯೆಯೇ ಉಳಿದಿರುತ್ತದೆ. ಅದನ್ನೂ ಅಪ್‌ಡೇಟ್ ಮಾಡಿ ಮತ್ತೆ ಲಾಗಿನ್ ಆಗಿ. ಎಲ್ಲ ದಾರಿ ಹೋದಾಗ ಏನು ಮಾಡಬೇಕೆಂಬಲ್ಲಿ ಮಲ್ಟಿಪಾತ್‌ಗೆ 'ಕ್ಯೂ' (ದಾರಿ ಬರುವ ತನಕ ಕಾಯುತ್ತಿರು) ಎಂದು ಬರೆದಿಡಬೇಡಿ. ಪ್ರೋಸೆಸ್‌ಗಳು ಕೊಂದರೂ ಸಾಯದೆ ನೇತಾಡುತ್ತವೆ. 5 ಸೆಕೆಂಡಿಗೊಮ್ಮೆ 12 ಸಲ ನೋಡಿ ಬಿಟ್ಟುಬಿಡಲಿ, ಒಂದು ನಿಮಿಷ ಸಾಕು. ಒಂದೇ ದಾರಿಯ ಹೆಸರಾದ ಎಸ್‌ಡಿಬಿಯನ್ನು ನೇರ ಮೌಂಟ್ ಮಾಡಿದರೆ (ಬಳಕೆಗೆ ಜೋಡಿಸಿದರೆ) ಇಷ್ಟೆಲ್ಲ ಮಾಡಿದ್ದೂ ದಂಡ; ಮೌಂಟ್ ಆಗಬೇಕಾದ್ದು ಮಲ್ಟಿಪಾತ್ ಹೆಸರು.

ಸರ್ವರ್ ನಿಲ್ಲಿಸಬೇಕಿಲ್ಲ ಎಂದು ಹಿಂದಿನ ಪತ್ರದಲ್ಲಿ ಬರೆದದ್ದು ನಮ್ಮದೇ ತಪ್ಪು, ಕ್ಷಮಿಸಿ. ಕಾರ್ಡ್ ಕೂರಿಸಲು ಆಫ್ ಮಾಡಲೇಬೇಕು. ಆನ್ ಆದ ಮೇಲೆ ಒಂದು ಕೇಬಲ್ ಕಿತ್ತು ತೋರಿಸುತ್ತೇವೆ: ಬರವಣಿಗೆ ಹೆಚ್ಚೆಂದರೆ 15 ಸೆಕೆಂಡ್ ತಡೆದು ಮತ್ತೆ ಸಾಗಬೇಕು. ಸಾಗದಿದ್ದರೆ ಆ ಸಾಲು ನಿಮ್ಮ ಬಿಲ್ಲಿಗೆ ಬರುವುದಿಲ್ಲ.

ಭಾನುವಾರ ರಾತ್ರಿ 11ರ ನಂತರ ಒಬ್ಬೊಬ್ಬರಿಗೂ ನಾವೇ ಫೋನ್ ಮಾಡುತ್ತೇವೆ. ನೀವು ಹೂಂ ಅನ್ನುವ ತನಕ ನಿಮ್ಮ ಸರ್ವರಿನ ಬಟನ್ ಮುಟ್ಟುವುದಿಲ್ಲ.

ಇತಿ,
ನಿಮ್ಮ ಸರ್ವರ್ ಕೋಣೆಯವರು