ಇಸಿಜಿ ತಂತ್ರಜ್ಞರ ತರಬೇತಿ ಆಸ್ಪತ್ರೆಯಲ್ಲೇ ನಡೆಯಲಿ

ಮಾನ್ಯ ಸಂಪಾದಕರೇ,

2025ರ ಜೂನ್‌–ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ, ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತಿದ್ದರು. ಆಗ ಆಹಾರ, ವ್ಯಾಯಾಮ, ಒತ್ತಡದ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಆದರೆ ಇಸಿಜಿ ತೆಗೆಯುವವರಿಗೆ ಎಂಥ ತರಬೇತಿ ಸಿಗುತ್ತಿದೆ ಎಂದು ಕೇಳಿದವರು ಕಡಿಮೆ.

ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಆರಂಭವಾದ ಮೇಲೆ, ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ದೂರದ ತಜ್ಞರು ನೋಡಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ವ್ಯವಸ್ಥೆ ಬಂದಿದೆ. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಆ ತಜ್ಞರ ಕಣ್ಣಿಗೆ ಬೀಳುವುದು ರೋಗಿಯಲ್ಲ, ಇಸಿಜಿ ಮಾತ್ರ. ಅದೇ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ತಪ್ಪುವುದೂ ಸುಲಭ. ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು ಎಲೆಕ್ಟ್ರೋಡುಗಳನ್ನು, ಅಂದರೆ ಹೃದಯದ ವಿದ್ಯುತ್ ಸಂಕೇತ ಹಿಡಿಯುವ ಬಿಲ್ಲೆಗಳನ್ನು, ಹಚ್ಚಬೇಕು. ಎದೆಯ ಮೊದಲೆರಡನ್ನು ಎದೆಮೂಳೆಯ ಎರಡೂ ಪಕ್ಕ, ನಾಲ್ಕನೆಯ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿಡಬೇಕು. ಕುತ್ತಿಗೆಯ ಗುಳಿಯಿಂದ ಬೆರಳನ್ನು ಕೆಳಗೆ ಜಾರಿಸಿ, ಎದೆಮೂಳೆಯ ಉಬ್ಬನ್ನು ಮುಟ್ಟಿ, ಅಲ್ಲಿಂದ ಸಂದುಗಳನ್ನು ಎಣಿಸಿಯೇ ಈ ಜಾಗ ಹುಡುಕಬೇಕು. ಅವಸರದಲ್ಲಿ ಎರಡು ಸಂದು ಮೇಲೆ ಹಚ್ಚಿದರೆ, ಇಲ್ಲದ ಹೃದಯಾಘಾತ ಇದ್ದಂತೆ ಕಾಣಬಹುದು. ಎಡಗೈ, ಬಲಗೈ ತಂತಿಗಳು ಅದಲುಬದಲಾದರೆ ಮೊದಲನೆಯ ಲೀಡ್ (ಇಸಿಜಿ ಹಾಳೆಯ ಒಂದು ಗೆರೆ) ತಲೆಕೆಳಗಾಗುತ್ತದೆ. ಅದನ್ನು ಕಂಡ ಕೂಡಲೇ ತಂತಿ ಸರಿಪಡಿಸಿ ಮತ್ತೊಮ್ಮೆ ತೆಗೆಯುವ ತಿಳಿವಳಿಕೆ ತಂತ್ರಜ್ಞರಿಗಿರಬೇಕು. ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಕೀಯ ನಿಯಮ; ಎಸ್‌ಟಿ ಭಾಗ (ಹೃದಯಾಘಾತದ ಸೂಚನೆ ಕೊಡುವ ಗೆರೆಯ ಭಾಗ) ಮೇಲೆದ್ದಿದ್ದರೆ, ಹಾಳೆಯನ್ನು ಕಡತಕ್ಕೆ ಸೇರಿಸದೆ ವೈದ್ಯರ ಬಳಿಗೆ ಓಡುವುದೂ ಈ ಕೆಲಸದ ಭಾಗವೇ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿಯಲ್ಲಿ ಇದೆಲ್ಲ ಕಲಿಸುತ್ತಾರೆ. ಆದರೆ ಅದನ್ನು ಓದಿದವರನ್ನು ನಗರಗಳ ಕ್ಯಾತ್‌ಲ್ಯಾಬ್ (ರಕ್ತನಾಳದ ಮೂಲಕ ಹೃದಯಕ್ಕೆ ಚಿಕಿತ್ಸೆ ಕೊಡುವ ಕೊಠಡಿ), ಎಕೋ (ಹೃದಯದ ಸ್ಕ್ಯಾನ್) ವಿಭಾಗಗಳು ಸೆಳೆದುಕೊಳ್ಳುತ್ತವೆ, ಅವರನ್ನು ದೂರಲಾಗದು. ಇತ್ತ, ಕೆಲವೇ ತಿಂಗಳಲ್ಲಿ ಟೆಕ್ನೀಷಿಯನ್ ಮಾಡುತ್ತೇವೆಂದು ಶುಲ್ಕ ಪಡೆದು, ಒಬ್ಬ ರೋಗಿಯನ್ನೂ ಮುಟ್ಟಿಸದೆ ಪ್ರಮಾಣಪತ್ರ ಕೊಟ್ಟು ಕಳುಹಿಸುವುದು ಬಡ ಮಕ್ಕಳಿಗೆ ಮಾಡುವ ಮೋಸ. ಪಿಯುಸಿ ಮುಗಿಸಿ ಈ ವೃತ್ತಿಗೆ ಬರುವವರು, ಸೇರುವ ಮುನ್ನ, ತರಬೇತಿ ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿ ನಡೆಯುತ್ತದೆಂದು ಕೇಳಿ ತಿಳಿಯಲಿ.

ಸರ್ಕಾರಕ್ಕೆ ನನ್ನ ವಿನಂತಿ ಇಷ್ಟೇ: ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆಯುವ ಎಲ್ಲರನ್ನೂ, ಅವರು ಶುಶ್ರೂಷಾಧಿಕಾರಿಗಳೇ ಆಗಿರಲಿ, ಜಿಲ್ಲಾ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಅನುಭವಿ ತಂತ್ರಜ್ಞರ ಕೈಕೆಳಗೆ ಪಳಗಿಸಿದ ನಂತರವೇ ಈ ಕೆಲಸಕ್ಕೆ ಹಚ್ಚಬೇಕು. ಜೊತೆಗೆ, ಹೆಣ್ಣುಮಕ್ಕಳು ಸಂಕೋಚದಿಂದ ಸೆರಗು ಸರಿಸಲಾರದೆ ಎಲೆಕ್ಟ್ರೋಡುಗಳು ಎಲ್ಲೆಲ್ಲೋ ಕೂರುವುದನ್ನು ತಪ್ಪಿಸಲು, ಪ್ರತಿ ಪಾಳಿಯಲ್ಲೂ ಒಬ್ಬ ಮಹಿಳಾ ಸಿಬ್ಬಂದಿಗೆ ಈ ತರಬೇತಿ ಕೊಡಿಸಿ, ಇಸಿಜಿ ಮಂಚಕ್ಕೆ ಒಂದು ಪರದೆ ಹಾಕಿಸಬೇಕು.

ಇಂತಿ,
ನಿವೃತ್ತ ಇಸಿಜಿ ತಂತ್ರಜ್ಞ, ಹಾಸನ ಜಿಲ್ಲೆ