ಮಕ್ಕಳನ್ನೂ ದೊಡ್ಡವರನ್ನೂ ಸ್ವಲ್ಪ ಹೊರಗೆ ಬಿಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನನ್ನ ಮಗಳ ಕನ್ನಡಕದ ನಂಬರ್ ಮತ್ತೆ ಜಾಸ್ತಿಯಾಯಿತು. ಒಂದೇ ವರ್ಷದಲ್ಲಿ ಇದು ಎರಡನೇ ಸಲ. ಅವಳಿಗಿನ್ನೂ 11 ವರ್ಷ. ಕಣ್ಣಿನ ಡಾಕ್ಟರು ಮೊಬೈಲ್ ವಿಷಯಕ್ಕೆ ಬೈಯುತ್ತಾರೆ ಅಂತ ನಾನು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಮೊಬೈಲ್ ಸುದ್ದಿಯನ್ನೇ ಎತ್ತಲಿಲ್ಲ. "ದಿನಕ್ಕೆ ಎಷ್ಟು ಹೊತ್ತು ಹೊರಗೆ ಇರ್ತಾಳೆ?" ಅಂತ ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಾಗಿಲಿನಿಂದ ಶಾಲೆಯ ವ್ಯಾನಿಗೆ ನಾಲ್ಕು ಹೆಜ್ಜೆ, ವ್ಯಾನಿನಿಂದ ತರಗತಿಗೆ ಒಂದು ನಿಮಿಷ, ಸಂಜೆ ಟ್ಯೂಷನ್, ಆಮೇಲೆ ಹೋಂವರ್ಕ್, ಅಷ್ಟರಲ್ಲಿ ಕತ್ತಲು. ಹತ್ತು ನಿಮಿಷ ಅನ್ನೋದಕ್ಕೂ ಬಾಯಿ ಬರಲಿಲ್ಲ. ಡಾಕ್ಟರು ನನ್ನ ಪಕ್ಕದಲ್ಲಿ ನಿಂತಿದ್ದ ಚಿಕ್ಕವನ ಕಡೆ ನೋಡಿ, "ಇವನಿಗೆ ಇನ್ನೂ ಬಂದಿಲ್ಲ ಅಲ್ವಾ, ಇವನನ್ನಾದರೂ ಹೊರಗೆ ಬಿಡಿ" ಅಂದರು.

ಆ ಮಾತು ಅವತ್ತಿನಿಂದ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೇ ಈ ಪತ್ರ.

ಪತ್ರಿಕೆಗಳ ಆರೋಗ್ಯದ ಪುಟಗಳನ್ನು ನಾನು ತಪ್ಪದೆ ಓದುತ್ತೇನೆ. ಏನು ತಿನ್ನಬೇಕು, ಏನು ತಿನ್ನಬಾರದು, ಯಾವ ವ್ಯಾಯಾಮ, ಯಾವ ಮಾತ್ರೆ, ಎಲ್ಲ ಇರುತ್ತದೆ. ಮನೆಯಿಂದ ಆಚೆ ಹೋಗಿ ಮರಗಿಡಗಳ ನಡುವೆ ಸ್ವಲ್ಪ ಹೊತ್ತು ಇರಿ ಅನ್ನುವ ಮಾತು ಮಾತ್ರ ಕಾಣುವುದು ಕಡಿಮೆ. ಬಂದರೂ ರಜೆಯ ಪ್ರವಾಸದ ಪುಟದಲ್ಲಿ, ಬೆಟ್ಟದ ಫೋಟೋ ಜೊತೆ ಬರುತ್ತದೆ. ಹಾಗಾಗಿ ನಾವೆಲ್ಲ ಅದನ್ನು ಬಿಡುವಿದ್ದವರ ವಿಷಯ, ದುಡ್ಡಿದ್ದವರ ವಿಷಯ ಅಂದುಕೊಂಡುಬಿಟ್ಟಿದ್ದೇವೆ. ನಿದ್ದೆ ಹೇಗೆ ಬೇಕೋ ಹಾಗೆ ಇದೂ ಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ.

ಮೊದಲು ಕಣ್ಣಿನ ವಿಷಯವನ್ನೇ ಹೇಳುತ್ತೇನೆ, ಯಾಕೆಂದರೆ ಅದನ್ನು ನಾನು ಕೂತು ಓದಿ ತಿಳಿದುಕೊಂಡಿದ್ದೇನೆ. ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವುದಕ್ಕೆ ಸಾಮಾನ್ಯ ಕಾರಣ ಅಂದರೆ ಕಣ್ಣುಗುಡ್ಡೆ ಹಿಂದಕ್ಕೆ ಬೇಕಾದ್ದಕ್ಕಿಂತ ಉದ್ದ ಬೆಳೆದುಬಿಡುವುದು. ಒಳ್ಳೆ ಬೆಳಕು ಬಿದ್ದರೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಹಾಗಾದರೆ ಮನೆಯೊಳಗೂ ಬೆಳಕಿದೆಯಲ್ಲ ಅಂತ ನೀವು ಕೇಳಬಹುದು, ನಾನೂ ಕೇಳಿದ್ದೆ. ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಲೈಟ್ ಹಾಕಿದ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್, ಅಷ್ಟೆ. ಬಿಸಿಲಿರುವ ಬಯಲಿನಲ್ಲಿ ಅದು 1 ಲಕ್ಷದವರೆಗೂ ಹೋಗುತ್ತದೆ. ಮರದ ನೆರಳಿನಲ್ಲಿ ಕೂತರೂ ಸಾವಿರಗಳ ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಕಣ್ಣು ಎಲ್ಲಿ ಹೋದರೂ ಅಲ್ಲಿಗೆ ಹೊಂದಿಕೊಂಡುಬಿಡುವುದರಿಂದ ಈ ಅಂತರ ನಮಗೆ ತಿಳಿಯುವುದೇ ಇಲ್ಲ. ಕೋಣೆ ಬೆಳಕಾಗಿದೆ ಅಂತಲೇ ಅನಿಸುತ್ತದೆ.

ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಪ್ರಾಥಮಿಕ ಶಾಲೆಗಳನ್ನು ತೆಗೆದುಕೊಂಡು ಒಂದು ಪರೀಕ್ಷೆ ಮಾಡಿದರು. 6 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಾ 40 ನಿಮಿಷದ ಒಂದು ಪೀರಿಯಡ್ ಜಾಸ್ತಿ ಕೊಟ್ಟು ಹೊರಗೆ ಕಳಿಸಿದರು. ಉಳಿದ 6 ಶಾಲೆಗಳು ಎಂದಿನಂತೆ ನಡೆದವು. 3 ವರ್ಷ ಕಳೆದ ಮೇಲೆ ನೋಡಿದರೆ, ಎಂದಿನಂತೆ ನಡೆದ ಶಾಲೆಗಳಲ್ಲಿ ಶೇ 39.5ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ಈ ದೋಷ ಬಂದಿತ್ತು, ಹೊರಗೆ ಕಳಿಸಿದ ಶಾಲೆಗಳಲ್ಲಿ ಶೇ 30.4ರಷ್ಟು ಮಕ್ಕಳಿಗೆ. 2015ರಲ್ಲಿ ಇದು ಪ್ರಕಟವಾಯಿತು. ನೂರಕ್ಕೆ ಒಂಬತ್ತು ಮಕ್ಕಳು ಕನ್ನಡಕದಿಂದ ತಪ್ಪಿಸಿಕೊಂಡರು ಅನ್ನುವುದು ಸಣ್ಣ ಮಾತೇನಲ್ಲ, ಅದೂ ಮದ್ದಿಲ್ಲದೆ, ಖರ್ಚಿಲ್ಲದೆ. ತೈವಾನ್‌ನಲ್ಲಂತೂ 2010ರಿಂದ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕು ಅಂತ ಸರ್ಕಾರವೇ ಶಾಲೆಗಳ ಮೂಲಕ ಹುರಿದುಂಬಿಸಿತು. ವರ್ಷ ವರ್ಷ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣ ಅದಾದ ಮೇಲೆ ಇಳಿಯುವುದಕ್ಕೆ ಶುರುವಾಯಿತು.

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ಇದು ಕನ್ನಡಕ ಬರದಂತೆ ತಡೆಯುವುದಕ್ಕೆ ಜಾಸ್ತಿ ಉಪಯೋಗ. ಬಂದ ಮೇಲೆ ನಂಬರ್ ಏರದಂತೆ ತಡೆಯುವುದರಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ. ಡಾಕ್ಟರು ಚಿಕ್ಕವನನ್ನು ನೋಡಿ ಹಾಗೆ ಹೇಳಿದ್ದು ಅದಕ್ಕೇ. ಮಗಳ ವಿಷಯದಲ್ಲಿ ನಾನು ತಡ ಮಾಡಿದೆ, ಆ ಸಂಕಟ ನನಗಿದೆ.

ಈಗ ಶಾಲೆಗಳ ಬಗ್ಗೆ. ನನ್ನ ಮಕ್ಕಳ ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಆಟದ ಪೀರಿಯಡ್ ಇದೆ. ಪರೀಕ್ಷೆ ಹತ್ತಿರ ಬಂದರೆ ಅದು ಗಣಿತಕ್ಕೆ ಹೋಗುತ್ತದೆ. ಪಾಠ ಮುಗಿದಿಲ್ಲ ಅಂದರೆ ವಿಜ್ಞಾನಕ್ಕೆ ಹೋಗುತ್ತದೆ. ತರಗತಿಯಲ್ಲಿ ಯಾರೋ ಗಲಾಟೆ ಮಾಡಿದರು ಅಂದರೆ ಶಿಕ್ಷೆ ಅಂತ ಇಡೀ ತರಗತಿಯ ಆಟ ರದ್ದು. ಮೇಷ್ಟರುಗಳ ಕಷ್ಟ ನನಗೆ ಅರ್ಥವಾಗುತ್ತದೆ, ಅವರ ತಲೆ ಮೇಲೂ ಪಾಠ ಮುಗಿಸುವ ಒತ್ತಡ ಇದೆ. ಆದರೂ ಗಲಾಟೆ ಮಾಡಿದ ಮಗುವನ್ನು ಹೊರಗೆ ಬಿಡದೆ ಕೂರಿಸುವುದು, ಹಸಿದು ಅಳುವ ಮಗುವಿಗೆ ಊಟ ಇಲ್ಲ ಅಂದ ಹಾಗೆ ಅಲ್ವಾ? ಹಿಂದಿನ ಪೋಷಕರ ಸಭೆಯಲ್ಲಿ ನಾನು ಇದನ್ನು ಎತ್ತಿದೆ. ನಾಲ್ಕೈದು ಜನ ತಲೆಯಾಡಿಸಿದರು, ಒಬ್ಬರು ಮಾತ್ರ "ಆಟಕ್ಕೆ ರಜೆ ಇದೆಯಲ್ಲ" ಅಂದರು. ಮಕ್ಕಳ ಕಣ್ಣು ಬೆಳೆಯುವುದು ರಜೆಯಲ್ಲಿ ಮಾತ್ರ ಅಲ್ಲವಲ್ಲ.

ಅದಿರಲಿ. ಮೂರು ವಾರದಿಂದ ನಾನು ದಿನಾ ಇಬ್ಬರನ್ನೂ ಕರೆದುಕೊಂಡು ಹತ್ತಿರದ ಪಾರ್ಕಿಗೆ ಹೋಗುತ್ತಿದ್ದೇನೆ. ಮೊದಲ ನಾಲ್ಕು ದಿನ "ಬೋರು, ಮನೆಗೆ ಹೋಗೋಣ" ಅನ್ನುವುದೊಂದೇ ರಾಗ. ಐದನೇ ದಿನ ಚಿಕ್ಕವನು ಒಂದು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಏನಂತ ಹೋಗಿ ನೋಡಿದರೆ, ಮೂರು ಇರುವೆಗಳು ಒಂದು ಪತಂಗದ ರೆಕ್ಕೆಯನ್ನು ಎತ್ತಿಕೊಂಡು ಹೋಗುತ್ತಿದ್ದವು. ರೆಕ್ಕೆ ನೆಟ್ಟಗೆ ನಿಂತಿತ್ತು, ಹಾಯಿ ಕಟ್ಟಿದ ದೋಣಿ ಥರ. ತೊಗಟೆಯ ಒಂದು ಸೀಳಿಗೆ ಬಂದಾಗ ಸಿಕ್ಕಿಹಾಕಿಕೊಂಡಿತು. ಒಂದು ಇರುವೆ ಹಿಂದಕ್ಕೆ ಹೋಗಿ ಎಳೆಯಿತು, ಇನ್ನೊಂದು ಅಡ್ಡಕ್ಕೆ ತಳ್ಳಿತು, ಆಗಲಿಲ್ಲ. ತುಂಬಾ ಹೊತ್ತಾದ ಮೇಲೆ ರೆಕ್ಕೆ ಹೇಗೋ ಮಗ್ಗುಲಾಗಿ ಮಲಗಿತು, ಸೀಳಿನೊಳಗಿಂದ ಜಾರಿ ಮುಂದೆ ಹೋಯಿತು. ಅಷ್ಟು ಹೊತ್ತೂ ನನ್ನ ಮಗ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದ. ಯಾಕೋ ಅಂದರೆ, ತನ್ನ ಉಸಿರು ತಾಗಿ ರೆಕ್ಕೆ ಹಾರಿಹೋದರೆ ಅಂತ. ಮನೆಯಲ್ಲಿ ಐದು ನಿಮಿಷ ಒಂದು ಕಡೆ ಕೂರದ ಹುಡುಗ ಅವನು. ನಾನು ಗಡಿಯಾರ ನೋಡಿದೆ, ಇಪ್ಪತ್ತು ನಿಮಿಷ ಆಗಿತ್ತು.

ಗಮನ ಅಂದರೆ ಬಲವಂತದಿಂದ ಹಿಡಿದಿಡುವುದು ಅಂತ ನಾವು ತಿಳಿದಿದ್ದೇವೆ. ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ಅನ್ನುವ ಮನಶ್ಶಾಸ್ತ್ರಜ್ಞ ದಂಪತಿ ಬೇರೆ ಥರ ಹೇಳಿದರು. ಬಲವಂತವಾಗಿ ಗಮನ ಹಿಡಿದು ಕೆಲಸ ಮಾಡಿದರೆ ಅದು ದಣಿಯುತ್ತದೆ. ಎಲೆ ಅಲ್ಲಾಡುವುದು, ಮೋಡ ಸರಿಯುವುದು, ನೀರು ಹರಿಯುವುದು, ಇವೆಲ್ಲ ನಮ್ಮನ್ನು ಸುಮ್ನೆ ತಮ್ಮ ಕಡೆ ಎಳೆದುಕೊಳ್ಳುತ್ತವೆ, ಅದಕ್ಕೆ ನಾವು ಶ್ರಮ ಪಡಬೇಕಾಗಿಲ್ಲ. ಆ ಹೊತ್ತಿನಲ್ಲಿ ದಣಿದ ಗಮನಕ್ಕೆ ವಿಶ್ರಾಂತಿ ಸಿಗುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಒಂದಷ್ಟು ಜನರನ್ನು ಮರಗಳ ತೋಪಿನಲ್ಲಿ ನಡೆಸಿದರು, ಇನ್ನೊಂದು ದಿನ ಅವರನ್ನೇ ವಾಹನ ಓಡಾಡುವ ಪೇಟೆ ಬೀದಿಯಲ್ಲಿ ನಡೆಸಿದರು. ಎರಡೂ ಸಲ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸಿದರು. ತೋಪಿನಲ್ಲಿ ನಡೆದು ಬಂದಾಗ ಚೆನ್ನಾಗಿ ಹೇಳಿದರು, ಬೀದಿಯಲ್ಲಿ ನಡೆದು ಬಂದಾಗ ಅಂಥ ಸುಧಾರಣೆ ಕಾಣಲಿಲ್ಲ. ನನಗೆ ಇಷ್ಟವಾದದ್ದು ಇನ್ನೊಂದು ವಿಷಯ. ಕೊರೆಯುವ ಚಳಿಯಲ್ಲಿ ನಡೆದು, ಅಷ್ಟೇನೂ ಹಿತವಾಗಲಿಲ್ಲ ಅಂದವರಿಗೂ ಲಾಭ ಅಷ್ಟೇ ಆಯಿತಂತೆ. ಅಂದರೆ ಖುಷಿಯಾಗಲೇಬೇಕು ಅಂತೇನಿಲ್ಲ, ಹೋದರೆ ಸಾಕು.

ನನ್ನದು ದಿನವಿಡೀ ಕಂಪ್ಯೂಟರ್ ಮುಂದೆ ಲೆಕ್ಕ ನೋಡುವ ಕೆಲಸ. ಸಂಜೆ ಮನೆಗೆ ಬಂದರೆ ಯಾರು ಏನು ಕೇಳಿದರೂ ರೇಗುತ್ತಿದ್ದೆ. ರಾತ್ರಿ ಒಂದು ಗಂಟೆಯಾದರೂ ನಿದ್ದೆ ಹತ್ತುತ್ತಿರಲಿಲ್ಲ. ಮಕ್ಕಳಿಗೋಸ್ಕರ ಅಂತ ಹೊರಟವಳಿಗೆ ಈಗ ಹನ್ನೊಂದಕ್ಕೆ ಕಣ್ಣು ಎಳೆಯುತ್ತದೆ. ನನ್ನ ಒಬ್ಬಳ ಅನುಭವದಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಅದರ ಹಿಂದೆ ಕಾರಣ ಇದೆ. ನಮ್ಮ ದೇಹದ ಗಡಿಯಾರಕ್ಕೆ ಕೀಲಿ ಕೊಡುವುದೇ ಹಗಲಿನ ಬೆಳಕು. ಹಗಲಲ್ಲಿ ಮಂದ ಬೆಳಕು, ರಾತ್ರಿ ದೀಪದ ಬೆಳಕು ಅಂತಾದರೆ, ಅದಕ್ಕೆ ಹಗಲು ಯಾವುದು ರಾತ್ರಿ ಯಾವುದು ಅಂತಲೇ ಸರಿಯಾಗಿ ತಿಳಿಯುವುದಿಲ್ಲ. ಅಮೆರಿಕದ ಕೊಲರಾಡೊದಲ್ಲಿ 8 ಜನರನ್ನು ಒಂದು ವಾರ ಬೆಟ್ಟದಲ್ಲಿ ಡೇರೆ ಹಾಕಿಸಿ ಇರಿಸಿದರು. ಟಾರ್ಚ್ ಇಲ್ಲ, ಫೋನ್ ಇಲ್ಲ, ಬಿಸಿಲು ಮತ್ತು ಬೆಂಕಿಯ ಬೆಳಕು ಮಾತ್ರ. ವಾರದ ಕೊನೆಗೆ ಅವರ ದೇಹದಲ್ಲಿ ನಿದ್ದೆಗೆ ತಯಾರು ಮಾಡುವ ಮೆಲಟೋನಿನ್ ಸುಮಾರು 2 ಗಂಟೆ ಮೊದಲೇ ಏರುವುದಕ್ಕೆ ಶುರುವಾಗಿತ್ತು. ತಡರಾತ್ರಿ ಎಚ್ಚರ ಇರುವ ಅಭ್ಯಾಸದವರಲ್ಲಿ ಬದಲಾವಣೆ ಇನ್ನೂ ಜಾಸ್ತಿ. ಇದು 2013ರ ಅಧ್ಯಯನ. ನಾವೆಲ್ಲ ಡೇರೆ ಹಾಕಿಕೊಂಡು ಇರೋಕಾಗಲ್ಲ, ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆ ಆಚೆ ನಿಲ್ಲೋಕಂತೂ ಆಗುತ್ತದೆ.

ಎಷ್ಟು ಹೊತ್ತು ಹೊರಗಿದ್ದರೆ ಸಾಕು ಅಂತ ಕೇಳುವವರಿಗೆ ಒಂದು ಅಂಕಿ ಇದೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ಹಸಿರಿನ ನಡುವೆ ಕಳೆದವರು ಆರೋಗ್ಯ ಚೆನ್ನಾಗಿದೆ, ಮನಸ್ಸು ನೆಮ್ಮದಿಯಾಗಿದೆ ಅಂತ ಹೇಳುವುದು ಹೆಚ್ಚಾಗಿ ಕಂಡುಬಂತು. ಒಂದೇ ಸಲ ಎರಡು ಗಂಟೆ ಹೋದರೂ ಸರಿ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಸರಿ. ಆರೋಗ್ಯ ಚೆನ್ನಾಗಿರುವವರೇ ಹೊರಗೆ ಹೆಚ್ಚು ಹೋಗುತ್ತಾರೆ ಅಂತಲೂ ವಾದಿಸಬಹುದು. ಆದರೆ ದೀರ್ಘಕಾಲದ ಕಾಯಿಲೆ ಇರುವವರಲ್ಲೂ ಇದೇ ಕಂಡಿತು ಅನ್ನುವುದನ್ನು ಮರೆಯಬಾರದು.

ಬಿಸಿಲು ಜೋರಿದೆ, ಹೊಗೆ ಇದೆ ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಡು ಮಧ್ಯಾಹ್ನ ಸುಡುಬಿಸಿಲಲ್ಲಿ ಮಕ್ಕಳನ್ನು ನಿಲ್ಲಿಸಿ ಅಂತ ಯಾರೂ ಹೇಳುತ್ತಿಲ್ಲ. ಟೋಪಿ ಹಾಕಿ, ನೆರಳಿರುವ ಕಡೆ ಬಿಡಿ. ಕಣ್ಣಿಗೆ ನೆರಳಿನ ಬೆಳಕೇ ಸಾಕಷ್ಟು. ಮಣ್ಣಾಗುತ್ತದೆ ಅನ್ನುವ ಚಿಂತೆ ಮಾತ್ರ ದಯವಿಟ್ಟು ಬಿಡಿ. ಫಿನ್ಲೆಂಡಿನಲ್ಲಿ ಶಿಶುಪಾಲನಾ ಕೇಂದ್ರಗಳ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ತಂದು ಹಾಸಿ ಮಕ್ಕಳನ್ನು ಆಡಲು ಬಿಟ್ಟರು. 28 ದಿನದಲ್ಲಿ ಅವರ ಚರ್ಮದ ಮೇಲಿನ ಒಳ್ಳೆಯ ಸೂಕ್ಷ್ಮಜೀವಿಗಳ ಬಗೆಗಳು ಹೆಚ್ಚಿದವು, ರಕ್ತದಲ್ಲೂ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಒಳ್ಳೆಯ ಬದಲಾವಣೆ ಕಂಡಿತು.

ಹತ್ತಿರದಲ್ಲಿ ಹಸಿರೇ ಇಲ್ಲದವರು ಏನು ಮಾಡಬೇಕು? ಇದು ನಿಜವಾದ ತೊಂದರೆ, ಇದಕ್ಕೆ ಒಬ್ಬೊಬ್ಬರೇ ಪರಿಹಾರ ಹುಡುಕಲು ಆಗುವುದಿಲ್ಲ. ಮನೆಯಿಂದ 300 ಮೀಟರ್ ಒಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್ ಹಸಿರು ಜಾಗ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ಹೇಳಿದೆ. ನಗರ ಕಟ್ಟುವವರು ಈ ಅಳತೆಯನ್ನು ಎದುರಿಗೆ ಇಟ್ಟುಕೊಳ್ಳಲಿ. ಇರುವ ಪಾರ್ಕಿಗೆ ಕಲ್ಲು ಹಾಸಿ, ಹುಲ್ಲಿನ ಸುತ್ತ ಬೇಲಿ ಕಟ್ಟಿ "ಒಳಗೆ ಕಾಲಿಡಬೇಡಿ" ಅಂತ ಬೋರ್ಡ್ ಹಾಕಿದರೆ ಮಗು ಎಲ್ಲಿ ಕೂರಬೇಕು? ಇರುವೆಯನ್ನು ನೋಡುವುದಕ್ಕೆ ಮರದ ಬುಡದಲ್ಲಿ ಒಂದಿಷ್ಟು ಮಣ್ಣಾದರೂ ಬೇಕಲ್ಲ.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಆರೋಗ್ಯದ ಪುಟದಲ್ಲಿ ಈ ವಿಷಯಕ್ಕೆ ಜಾಗ ಕೊಡಿ. ಶಾಲೆಗಳು ಆಟದ ಪೀರಿಯಡ್ಡನ್ನು ಏನು ಮಾಡುತ್ತಿವೆ ಅಂತ ನಿಮ್ಮ ವರದಿಗಾರರು ಹೋಗಿ ಕೇಳಲಿ.

ಹೊರಗೆ ಹೋಗಲಾಗದವರ ಬಗ್ಗೆಯೂ ಒಂದು ಮಾತು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆಗಳನ್ನು ರೋಜರ್ ಉಲ್ರಿಚ್ ಅನ್ನುವವರು ಹೋಲಿಸಿ ನೋಡಿ 1984ರಲ್ಲಿ ಪ್ರಕಟಿಸಿದರು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು, ಜೋರಾದ ನೋವಿನ ಮದ್ದನ್ನೂ ಕಡಿಮೆ ತೆಗೆದುಕೊಂಡರು.

ಇದನ್ನು ಓದಿದ ಸಂಜೆಯೇ ನಮ್ಮತ್ತೆಯ ಕುರ್ಚಿಯನ್ನು ಟಿವಿ ಮುಂದಿನಿಂದ ಎತ್ತಿ ಕಿಟಕಿ ಹತ್ತಿರ ಹಾಕಿದೆ. ಮಂಡಿನೋವಿನಿಂದ ಅವರು ಮೆಟ್ಟಿಲು ಇಳಿದು ಒಂದು ವರ್ಷವಾಗಿದೆ. ಮೊದಲು ಬೇಡ ಅಂದರು. ಇವತ್ತು ಬೆಳಗ್ಗೆ ಕರೆದು, ಕುರ್ಚಿಯನ್ನು ಇನ್ನೊಂದು ಅಡಿ ಬಲಕ್ಕೆ ಸರಿಸು ಅಂದರು. ಅಲ್ಲಿಂದ ಹಕ್ಕಿ ಗೂಡು ಸರಿಯಾಗಿ ಕಾಣುವುದಿಲ್ಲವಂತೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು