ಪುಸ್ತಕ ಕೊಡದೆ ಇಷ್ಟ ಕೇಳುವುದೇಕೆ?

ಮಾನ್ಯರೇ,

ಮಕ್ಕಳ ಓದಿನ ಅಭಿರುಚಿ ತಿಳಿಯಲು ಶಾಲೆಗಳಲ್ಲಿ ಪ್ರಶ್ನಾವಳಿ ಹಂಚುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ (ಪುಟ 3) ಅಧಿಕಾರಿಗಳ ಮಾತು ಮಾತ್ರ ಇದೆ. ಆ ಹಾಳೆ ತುಂಬಿಸಲು ನಿನ್ನೆ ರಾತ್ರಿ ಒದ್ದಾಡಿದ ತಾಯಿ ನಾನು. ನನ್ನ ಮಾತನ್ನೂ ಹಾಕಿ.

ಆರನೇ ಕ್ಲಾಸಿನ ಮಗ ಸಂಜೆ ವಿಷಯ ಹೇಳಿದ. ಬೆಳಿಗ್ಗೆಯೇ ಕೊಡಬೇಕಂತೆ. ಜೆರಾಕ್ಸ್ ಖರ್ಚು ನಮ್ಮದೇ. ಹತ್ತಿರದ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಮಳೆಯಲ್ಲೇ ಬಸ್ ಸ್ಟ್ಯಾಂಡ್‌ವರೆಗೆ ಹೋದೆ. ಅಡುಗೆ ಹಾಗೇ ಉಳಿಯಿತು. ಹಾಳೆಯಲ್ಲಿ ಏನಿದೆ ನೋಡಿ: ನೆಚ್ಚಿನ ಲೇಖಕರು ಯಾರು? ತಿಂಗಳಿಗೆ ಎಷ್ಟು ಪುಸ್ತಕ ಓದುತ್ತೀರಿ? ಕಾದಂಬರಿ, ಪ್ರಬಂಧ, ಆತ್ಮಕಥೆ, ಮಹಾಪುರುಷರ ಚರಿತ್ರೆಯಲ್ಲಿ ಯಾವುದು ಇಷ್ಟ? ಮಗನ ಶಾಲೆಯ ಪುಸ್ತಕದ ಬೀರುವಿಗೆ ಬೀಗ ಬಿದ್ದಿದೆ. ಕೀ ಇಟ್ಟುಕೊಂಡವರು ನಿಯೋಜನೆ ಮೇಲೆ ಬೇರೆ ಕಡೆ ಹೋಗಿದ್ದಾರೆ. ಬಡಿಸದೆ ಉಪ್ಪು ಸಾಕಾ ಎಂದು ಕೇಳಿದ ಹಾಗಾಯಿತು. 'ಓದಲು ಪುಸ್ತಕವೇ ಸಿಗುವುದಿಲ್ಲ' ಎಂದು ಗುರುತು ಹಾಕಲು ಒಂದು ಚೌಕವೂ ಇಲ್ಲ. ಮೇಲೆ ಹೆಸರು, ಸ್ಯಾಟ್ಸ್ ನಂಬರ್ (ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಬೇರೆ ಬರೆಯಬೇಕು. ಹೆಸರು ಬರೆಸಿಕೊಂಡರೆ ಯಾವ ಮಗು ತಾನೇ 'ನನಗೆ ಓದು ಇಷ್ಟವಿಲ್ಲ' ಎಂದು ಬರೆಯುತ್ತದೆ? ಎಲ್ಲರೂ ಮಹಾಪುರುಷರ ಚರಿತ್ರೆಗೇ ಟಿಕ್ ಹಾಕಿದ್ದಾರೆ. ಅದನ್ನೇ ನಂಬಿ ಪುಸ್ತಕ ಖರೀದಿಸುತ್ತಾರಾ?

ಇಷ್ಟ ಅನ್ನುವುದು ಪುಸ್ತಕ ಕೈಗೆ ಸಿಕ್ಕ ಮೇಲೆ ಹುಟ್ಟುತ್ತದೆ. ನಾಲ್ಕು ಪುಟ ನೋಡಿ ಬಿಡಬೇಕು, ಇನ್ನೊಂದು ತೆಗೆಯಬೇಕು. ಹಳ್ಳಿಯಲ್ಲಿರುವ ನನ್ನ ಅಣ್ಣನ ಮಗಳು ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದಿಂದ ಪುಸ್ತಕ ತರುತ್ತಾಳೆ. 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅವಳಿಗೆ ದೆವ್ವದ ಕಥೆ ಇಷ್ಟ ಅಂತ ಯಾವ ಫಾರಂ ಕೂಡ ಕೇಳಲಿಲ್ಲ, ಅವಳೇ ಕಂಡುಕೊಂಡಳು. ಪೇಟೆ ಮಕ್ಕಳು ಏನು ಪಾಪ ಮಾಡಿದ್ದಾರೆ?

1965ರ ಗ್ರಂಥಾಲಯ ಕಾಯ್ದೆಯ ಹೆಸರಲ್ಲಿ ಆಸ್ತಿ ತೆರಿಗೆ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಆದರೂ ನಮ್ಮ ಬಡಾವಣೆಯ ಗ್ರಂಥಾಲಯ ಸೋರುತ್ತಿದೆ. ಮಕ್ಕಳ ಕಪಾಟಿನಲ್ಲಿ ಹಳೆಯ ಗೈಡ್‌ಗಳಿವೆ. ಅದರ ಮುಂದಿನ ಚರಂಡಿಗೆ ಕಲ್ಲು ಹಾಸಿ ಎಂದು ಕೊಟ್ಟ ಅರ್ಜಿ ಏನಾಯಿತೋ ಗೊತ್ತಿಲ್ಲ. ವಾರ್ಡಿಗೆ ಬಂದ ಎಂಜಿನಿಯರ್ ಫೋಟೊ ತೆಗೆದುಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಫೋನ್ ಮಾಡಿದರೆ ಮೀಟಿಂಗ್‌ನಲ್ಲಿದ್ದಾರೆ.

ಈ ಪ್ರಶ್ನಾವಳಿಯನ್ನು ಮೊದಲು ನಿಲ್ಲಿಸಿ. ಇಲ್ಲವೇ ಹೆಸರಿಲ್ಲದೆ, ಮಕ್ಕಳ ಭಾಷೆಯಲ್ಲಿ ಕೇಳಿ. ಬೀರು ತೆಗೆಸಿ, ಚರಂಡಿಯನ್ನೂ ಮುಚ್ಚಿಸಿ. ಕುರ್ಚಿಯಲ್ಲಿ ಕುಳಿತು ಫಾರಂ ಕಳಿಸುವವರು ಒಮ್ಮೆಯಾದರೂ ಶಾಲೆಗೆ ಬಂದು ನೋಡಲಿ.

– ಒಬ್ಬ ಪೋಷಕಿ, ದಾವಣಗೆರೆ